ಆ ಮನೆಯ ಕಾಫಿ

ಯಾರ ಮನೆಗೆ ಹೋದರೂ ಚಾಪೆ ಹಾಸುವ ಮೊದಲೇ ಕೇಳುತ್ತಾರೆ, ಕಾಫಿನಾ ಟೀನಾ ಅಂತ. ಎರಡೂ ಬೇಡ ಅಂದರೆ ಆ ಮನೆಯಾಕೆಯ ಮುಖ ನೋಡಬೇಕು ನೀವು. ಮೊದಲು ಸಂಕೋಚ ಅಂದುಕೊಂಡು ಬಲವಂತ ಮಾಡುತ್ತಾರೆ. ಆಮೇಲೆ ದನಿ ತಗ್ಗಿಸಿ, "ಶುಗರ್ ಏನಾದ್ರೂ ಇದೆಯಾ? ಸಕ್ಕರೆ ಇಲ್ಲದೆ ಮಾಡ್ಲಾ?" ಅನ್ನುತ್ತಾರೆ. ನನಗೆ ಸಂಕೋಚವೂ ಇಲ್ಲ, ಶುಗರೂ ಇಲ್ಲ. ನಮ್ಮ ಮನೆಯಲ್ಲಿ ಕಾಫಿ ಒಂದು ವ್ಯಾಜ್ಯವಾಗಿತ್ತು, ಅಷ್ಟೆ. ವ್ಯಾಜ್ಯದ ಮನೆಯಲ್ಲಿ ಬೆಳೆದ ಮಕ್ಕಳು ಕೋರ್ಟಿನ ಮೆಟ್ಟಿಲು ಕಂಡರೆ ಆಚೆ ಬದಿಗೆ ಸರಿದು ಹೋಗುತ್ತಾರಲ್ಲ, ಹಾಗೆ ನಾನು ಡಿಕಾಕ್ಷನ್ನಿನ ಘಮ ಬಂದರೆ ಸರಿಯುತ್ತೇನೆ.

ನಾನು ಬಂಗಾರಪೇಟೆಯ ಹತ್ತಿರದ ಒಂದು ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಹೊಸದಾಗಿ ಬಂದ ನಮ್ಮ ಟೀಚರೊಬ್ಬಳು ಮೊನ್ನೆ ಮೊಬೈಲಿನಲ್ಲಿ ಆರ್ಡರ್ ಮಾಡಿ ಹಿತ್ತಾಳೆ ಫಿಲ್ಟರ್ ತರಿಸಿದ್ದಾಳೆ. ವಾರದಿಂದ ಸ್ಟಾಫ್ ರೂಮಿನಲ್ಲಿ ಅದೇ ಮಾತು. ಪುಡಿಯನ್ನು ಎಷ್ಟು ಒತ್ತಬೇಕು, ನೀರು ಎಷ್ಟು ಕಾದಿರಬೇಕು, ಚಿಕೋರಿ ಬೇಕೋ ಬೇಡವೋ. ನನ್ನ ಕಡೆ ತಿರುಗಿ, "ಮೇಡಂ, ನಿಮ್ಮಮ್ಮ ಕಾಫಿ ತುಂಬಾ ಚೆನ್ನಾಗಿ ಮಾಡ್ತಾರಂತೆ. ಹದ ಕೇಳ್ಕೊಂಡು ಬನ್ನಿ" ಅಂದಳು.

"ಮಾಡ್ತಿದ್ರು" ಅಂದೆ. ಹುಡುಗಿ ಗಾಬರಿಯಾಗಿ ನಾಲಿಗೆ ಕಚ್ಚಿಕೊಂಡಳು. "ಇಲ್ಲಮ್ಮ, ಗಟ್ಟಿಮುಟ್ಟಾಗಿದ್ದಾಳೆ. ಕಾಫಿ ಮಾಡೋದು ಬಿಟ್ಟಿದ್ದಾಳೆ" ಅಂತ ಸಮಾಧಾನ ಮಾಡಿದೆ. ಯಾಕೆ ಬಿಟ್ಟರು ಅಂತ ಅವಳು ಕೇಳುವ ಹೊತ್ತಿಗೆ ಬೆಲ್ ಹೊಡೆಯಿತು. ಅವಳು ಮೂರನೇ ಕ್ಲಾಸಿಗೆ ಹೋದಳು. ಕೇಳಿದ ಪ್ರಶ್ನೆ ನನ್ನ ಹತ್ತಿರವೇ ಉಳಿಯಿತು. ನಿಮಗಾದರೂ ಹೇಳಿಬಿಡುತ್ತೇನೆ.

ಅದಕ್ಕೆ ಮೊದಲು ನಮ್ಮಪ್ಪನ ರೈಲಿನ ವಿಷಯ ಹೇಳಬೇಕು. ಅಪ್ಪ ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದ. ನಾನು ಸಣ್ಣವಳಿರುವಾಗಲೇ ಗಣಿ ಮುಚ್ಚಿತು. ಎಲ್ಲರ ಹಾಗೆ ಅವನೂ ಕೆಲವು ತಿಂಗಳು ಗಣಿ ಮತ್ತೆ ತೆರೆಯುತ್ತದೆ ಅಂತ ಕಾದ. ಆಮೇಲೆ ಬೆಂಗಳೂರಿನ ಒಂದು ಲೇತ್ ಕಾರ್ಖಾನೆಗೆ ಸೇರಿದ. ನಾವಿದ್ದದ್ದು ಚಾಂಪಿಯನ್ ರೀಫ್ಸಿನ ಲೈನಿನಲ್ಲಿ. ಲೈನು ಅಂದರೆ ಗಣಿ ಕೆಲಸದವರಿಗೆ ಅಂತ ಕಟ್ಟಿದ ಸಾಲು ಮನೆ. ಒಂದು ಮನೆಯಲ್ಲಿ ಚಮಚ ಬಿದ್ದರೆ ಪಕ್ಕದ ಮನೆಯವರು ಎತ್ತಿಕೊಳ್ಳಲು ಬಗ್ಗಬೇಕು, ಅಷ್ಟು ತೆಳು ಗೋಡೆ. ಮಾರಿಕುಪ್ಪಂನಿಂದ ಹೊರಟ ರೈಲು ಮೊದಲು ನಿಲ್ಲುವುದೇ ನಮ್ಮ ಚಾಂಪಿಯನ್ ಸ್ಟೇಷನ್ನಿನಲ್ಲಿ. ಮನೆಯಿಂದ ಕೂಗಿದರೆ ಪ್ಲಾಟ್‌ಫಾರ್ಮಿಗೆ ಕೇಳಿಸುವಷ್ಟು ದೂರ. ನಮ್ಮ ಲೈನಿನ ಗಂಡಸರೆಲ್ಲ ಹಲ್ಲುಜ್ಜುತ್ತಲೇ ರೈಲಿನ ಸದ್ದು ಕೇಳಿ ಓಡಿಹೋಗಿ ಹತ್ತುತ್ತಿದ್ದರು.

ನಮ್ಮಪ್ಪ ಮಾತ್ರ ಎಲ್ಲರಿಗಿಂತ ಮುಂಚೆ ಎದ್ದು, ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಮನೆ ಮುಂದಿನ ಸ್ಟೇಷನ್ ದಾಟಿ, ಮುಂದಿನ ಉರಿಗಾಂ ಸ್ಟೇಷನ್ನಿನವರೆಗೂ ನಡೆದುಹೋಗಿ ಅಲ್ಲಿ ರೈಲು ಹತ್ತುತ್ತಿದ್ದ. ಕೇಳಿದವರಿಗೆ "ನಡೆದರೆ ಕಾಲಿಗೆ ಒಳ್ಳೇದು" ಅನ್ನುತ್ತಿದ್ದ. ಸಂಜೆ ಬರುವಾಗ ಕಾಲಿಗೆ ಒಳ್ಳೆಯದಾಗುವುದು ಬೇಕಿರಲಿಲ್ಲ ಅಂತ ಕಾಣುತ್ತದೆ. ಎಲ್ಲರ ಜೊತೆ ಚಾಂಪಿಯನ್ನಿನಲ್ಲೇ ಇಳಿಯುತ್ತಿದ್ದ.

ಉರಿಗಾಂ ದಾರಿಯಲ್ಲಿ ನಂದಿದುರ್ಗದ ಲೈನುಗಳಿವೆ. ಅಲ್ಲೊಂದು ಮನೆಯಲ್ಲಿ ಕನಕ ಅನ್ನುವವಳಿದ್ದಳು. ಅಪ್ಪನ ಜೊತೆ ಗಣಿಯಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯನ ಹೆಂಡತಿ. ಆ ಗೆಳೆಯ ಗಣಿ ಮುಚ್ಚುವ ಮೊದಲೇ ಸತ್ತುಹೋಗಿದ್ದ. ಮೊದಮೊದಲು ಅಪ್ಪ ಆ ಮನೆಗೆ ಹೋಗುತ್ತಿದ್ದದ್ದು ಅವಳಿಗೆ ಬರಬೇಕಾದ ಪಿಂಚಣಿಯ ಓಡಾಟಕ್ಕೆ. ಪಿಂಚಣಿ ಬಂತು. ಓಡಾಟ ನಿಲ್ಲಲಿಲ್ಲ. ಪ್ರತಿದಿನ ಬೆಳಿಗ್ಗೆ ಅಲ್ಲಿ ಕೂತು ಒಂದು ಲೋಟ ಕಾಫಿ ಕುಡಿದು ರೈಲಿಗೆ ಹೋಗುವುದು ಅಪ್ಪನ ಅಭ್ಯಾಸವಾಯಿತು.

ಇದು ಗುಟ್ಟಲ್ಲ. ನಮ್ಮ ಲೈನಿನಲ್ಲಿ ಗುಟ್ಟು ಇರಲು ಗೋಡೆ ಎಲ್ಲಿದೆ? ಎಲ್ಲರಿಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ಇದಕ್ಕೆ ಎಲ್ಲರೂ ಸೇರಿ ಒಂದು ಮರ್ಯಾದಸ್ಥ ಹೆಸರಿಟ್ಟಿದ್ದರು: "ಆ ಮನೆಯ ಕಾಫಿ." ಅಪ್ಪ ಹೊರಟ ಮೇಲೆ ಯಾರಾದರೂ ಅವನನ್ನು ಕೇಳಿಕೊಂಡು ಬಂದರೆ ಅಮ್ಮ, "ಆ ಮನೆ ಕಾಪಿಗೆ ಓಗವ್ರೆ" ಅನ್ನುತ್ತಿದ್ದಳು, ಅಂಗಡಿಗೆ ಹೋಗಿದ್ದಾರೆ ಅನ್ನುವ ಹಾಗೆ.

ಅಮ್ಮ ಒಂದೇ ಒಂದು ಸಲ ಕೇಳಿದ್ದು ನನಗೆ ನೆನಪಿದೆ. ನಾನು ಜಡೆ ಹಾಕಿಸಿಕೊಳ್ಳಲು ಅವಳ ಮುಂದೆ ಕೂತಿದ್ದೆ. ಅಪ್ಪ ಬಾಗಿಲಲ್ಲಿ ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದ.

"ಮನೇಲಿ ಕಾಪಿ ಇಲ್ವಾ? ದಿನಾ ಆ ಮನೇಲೇ ಕುಡೀಬೇಕಾ?"

ಅಪ್ಪ ತಲೆ ಎತ್ತಲಿಲ್ಲ. "ಅಲ್ಲಿ ಕಾಪಿ ಚೆನ್ನಾಗಿರ್ತೈತೆ."

"ನಂದು?"

"ನಿಂದಾ?" ಲೇಸಿನ ಗಂಟು ಬಿಗಿದ. "ನೀನು ಕಾಪಿ ಅಂತ ಕಂಡಿದ್ದೇ ಇಲ್ಲಿಗೆ ಬಂದ್ಮೇಲೆ. ಆಲು ಮಾರೋ ಮನೆಯೋಳು. ಕಾಪಿ ಅನ್ನೋದು ಕೈಗೆ ಬರ್ಬೇಕು ಕಣೇ."

ಅಷ್ಟೇ ಹೇಳಿ ಹೊರಟುಹೋದ. ಅಮ್ಮ ಅರ್ಧ ಹೆಣೆದಿದ್ದ ನನ್ನ ಜಡೆ ಬಿಚ್ಚಿದಳು. ಆಮೇಲೆ ಮತ್ತೆ ಹೆಣೆಯತೊಡಗಿದಳು. ಆ ದಿನ ಜಡೆ ಎಷ್ಟು ಬಿಗಿಯಾಗಿತ್ತು ಅಂದರೆ ಶಾಲೆಯಲ್ಲಿ ಕಣ್ಣು ಮುಚ್ಚಲೂ ಕಷ್ಟವಾಗುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಅಪ್ಪ ಹೇಳಿದ್ದನ್ನು ನೆಪ ಅನ್ನುತ್ತಿದ್ದರು. ಅಮ್ಮ ಅದನ್ನು ಕಾರಣ ಅಂದುಕೊಂಡಳು. ಅಂದುಕೊಳ್ಳುವುದಕ್ಕೆ ಅವಳ ಹತ್ತಿರ ಆಧಾರವೂ ಇತ್ತು. ಅವಳ ತವರು ಬಂಗಾರಪೇಟೆ ಪಕ್ಕದ ಹಳ್ಳಿ. ಹೊಲ ಚೂರು, ಹಸು ಜಾಸ್ತಿ. ಕೊಟ್ಟಿಗೆ ತುಂಬ ಹಾಲಿದ್ದರೂ ಮನೆಯೊಳಗೆ ಬರುತ್ತಿದ್ದದ್ದು ಪಾತ್ರೆಯ ತಳಕ್ಕೆ ಅಂಟಿದ್ದು ಮಾತ್ರ. ಬೆಳಿಗ್ಗೆ ಕರೆದದ್ದೆಲ್ಲ ನೊರೆ ಆರುವ ಮೊದಲೇ ಡೇರಿಗೆ ಹೋಗಬೇಕು. ನಮ್ಮಜ್ಜಿ ಮಕ್ಕಳಿಗೆ ಬೆಲ್ಲ ಹಾಕಿ ಕುದಿಸಿದ ಕಪ್ಪು ನೀರು ಕೊಡುತ್ತಿದ್ದಳಂತೆ, ಅದಕ್ಕೆ ಕಾಪಿ ಅನ್ನುವ ಹೆಸರು. ಊರಿನವರು ಮಾತ್ರ "ನಿಮ್ಗೇನು ಬಿಡಮ್ಮ, ಆಲಿನಾಗೇ ಮುಖ ತೊಳೀತೀರ" ಅನ್ನುತ್ತಿದ್ದರಂತೆ. ಮದುವೆಯಾಗಿ ಲೈನಿಗೆ ಬಂದ ಮೊದಲ ಬೆಳಿಗ್ಗೆ ಅತ್ತೆ ಕೈಗೆ ಕೊಟ್ಟ ಹಾಲು ಹಾಕಿದ ಕಾಫಿಯನ್ನು ಹಿಡಿದುಕೊಂಡು, ಇದು ಯಾರಿಗೆ ಕೊಡಬೇಕು ಅಂತ ಕೇಳಿದಳಂತೆ. ಅದು ಅವಳಿಗೇ ಅಂತ ಗೊತ್ತಾಗಲಿಲ್ಲವಂತೆ. ಇಂಥವಳಿಗೆ ನಿನ್ನ ಕೈಗೆ ಕಾಫಿ ಬರಲ್ಲ ಅಂದರೆ ನಂಬದೆ ಏನು ಮಾಡುತ್ತಾಳೆ?

ಆವತ್ತಿನಿಂದ ಶುರುವಾಯಿತು ನೋಡಿ.

ಮೊದಲು ಪುಡಿ ಬದಲಾಯಿತು. ಚಿಕೋರಿ ಕಮ್ಮಿ ಮಾಡಿದಳು, ಜಾಸ್ತಿ ಮಾಡಿದಳು, ಪೂರ್ತಿ ತೆಗೆದಳು, ಮತ್ತೆ ಹಾಕಿದಳು. ಬೀಜ ತಂದು ಬಾಣಲೆಯಲ್ಲಿ ತಾನೇ ಹುರಿದಳು. ಸೀದ ಹೊಗೆಗೆ ಇಡೀ ಲೈನು ಹೊರಗೆ ಬಂದು ಯಾರ ಮನೆಗೆ ಬೆಂಕಿ ಬಿತ್ತು ಅಂತ ನೋಡಿತು. ಪ್ಯಾಕೆಟ್ ಹಾಲು ಬಿಟ್ಟು ಎಮ್ಮೆ ಹಾಲಿಗೆ ಹೋದಳು. ಅದು ಬಹಳ ಮಂದ ಅಂತ ತವರಿನಿಂದ ಹಸುವಿನ ಹಾಲು ತರಿಸಿದಳು. ಹುಟ್ಟಿದ ಮನೆಯ ಹಾಲನ್ನು ಅವಳು ಮೊದಲ ಸಲ ಬೇಡಿದ್ದು ಅಪ್ಪನ ಲೋಟಕ್ಕೆ. ಆಮೇಲೆ ನೀರಿನ ಮೇಲೆ ಅನುಮಾನ ಬಂತು. ಬೋರಿನ ನೀರು ಉಪ್ಪು. ಹಾಗಾಗಿ ಬೇತಮಂಗಲದ ಕೆರೆ ನೀರು ನಲ್ಲಿಗೆ ಬಂದ ದಿನ ಒಂದು ಕೊಡ ಬೇರೆ ಹಿಡಿದು, ಮುಚ್ಚಿ, "ಇದು ಕಾಪಿಗೆ, ಯಾರೂ ಮುಟ್ಟಬ್ಯಾಡಿ" ಅಂತ ಮೂಲೆಯಲ್ಲಿ ಇಡುತ್ತಿದ್ದಳು. ದೇವರ ಕೋಣೆ ಇಲ್ಲದ ನಮ್ಮ ಮನೆಯಲ್ಲಿ ಮಡಿ ಅಂತ ಇದ್ದದ್ದು ಆ ಕೊಡಕ್ಕೆ ಮಾತ್ರ.

ಈ ಎಲ್ಲ ಪ್ರಯೋಗದ ರುಚಿ ನೋಡುವ ಕೆಲಸ ನನ್ನದು. ಅಪ್ಪನ ನಾಲಿಗೆಗೆ ನಾನು ಬದಲಿ. ಶಾಲೆಗೆ ಹೋಗುವ ಮೊದಲು ಎರಡು ಮೂರು ಲೋಟದಿಂದ ಒಂದೊಂದು ಗುಟುಕು ಕುಡಿದು ತೀರ್ಪು ಹೇಳಬೇಕು. ನನಗೋ ಎಲ್ಲ ಒಂದೇ ಥರ ಇರುತ್ತಿತ್ತು. ಆದರೂ ಅಮ್ಮ ಕಣ್ಣು ಅಗಲಿಸಿಕೊಂಡು ನಿಂತಿರುವಾಗ ಒಂದೇ ಥರ ಇದೆ ಅನ್ನಲು ಆಗುತ್ತದೆಯೇ? ದೊಡ್ಡ ಪಂಡಿತಳ ಹಾಗೆ ಬಾಯಿ ಚಪ್ಪರಿಸಿ, "ನಿನ್ನೇದಕ್ಕಿಂತ ಒಂಚೂರು ಕಹಿ ಜಾಸ್ತಿ" ಅನ್ನುತ್ತಿದ್ದೆ. ಅಮ್ಮ ಅದನ್ನು ಮನಸ್ಸಿಗೆ ಹಾಕಿಕೊಂಡು ಮಾರನೆಯ ದಿನ ಬದಲಾಯಿಸುತ್ತಿದ್ದಳು. ಕಾಫಿ ಏರಿದ ತಲೆಯಲ್ಲಿ ನಾನು ಮಗ್ಗಿ ಎಷ್ಟು ವೇಗವಾಗಿ ಒಪ್ಪಿಸುತ್ತಿದ್ದೆ ಅಂದರೆ, ಮೇಷ್ಟ್ರು ಈ ಹುಡುಗಿಗೆ ದೆವ್ವ ಹಿಡಿದಿದೆಯೋ ಸರಸ್ವತಿ ಹಿಡಿದಿದ್ದಾಳೋ ಅನ್ನುತ್ತಿದ್ದರು.

ಆಶ್ಚರ್ಯ ಅಂದರೆ ಅಮ್ಮನ ಕಾಫಿ ನಿಜವಾಗಿಯೂ ಒಳ್ಳೆಯದಾಗುತ್ತ ಹೋಯಿತು. ಪಕ್ಕದ ಮನೆಯ ಪಾಪಮ್ಮ ಬೆಳಿಗ್ಗೆ ಏನಾದರೊಂದು ನೆಪ ಮಾಡಿಕೊಂಡು ಬಂದು ಕೂರುತ್ತಿದ್ದಳು. ಒಂದು ಗುಟುಕು ಕುಡಿದು, "ಅಮ್ಮಾಡೀ! ಇದಕ್ಕೆ ಏನು ಕಮ್ಮಿ ಅಂತ ಓಗ್ತಾನಡೀ ಅವನು?" ಅನ್ನುತ್ತಿದ್ದಳು. ಲೈನಿನಲ್ಲಿ ಯಾರದೇ ನಿಶ್ಚಿತಾರ್ಥ ಆಗಲಿ, ಅಡುಗೆಯವರು ಬೇರೆ, ಕಾಫಿಗೆ ನಮ್ಮಮ್ಮ. ಗಂಡಿನ ಕಡೆಯವರು ಎರಡನೇ ಸಲ ಕೇಳಿ ಕುಡಿಯುತ್ತಿದ್ದರು. ಮೆಚ್ಚದಿದ್ದವನು ಒಬ್ಬನೇ. ಅಪ್ಪ ಹೊರಡುವಾಗ ಅಮ್ಮ ಅರ್ಧ ಲೋಟ ಹಿಡಿದುಕೊಂಡು ಬಾಗಿಲಿಗೆ ಬರುತ್ತಿದ್ದಳು.

"ಒಂದು ಗುಟುಕು ಕುಡ್ದು ಓಗಿ."

ಅಪ್ಪ ನಿಂತಲ್ಲೇ ಒಂದು ಗುಟುಕು ಕುಡಿದು ಲೋಟ ವಾಪಸು ಕೊಡುತ್ತಿದ್ದ. ಅವನ ಶಾಲೆಯಲ್ಲಿ ಅತಿ ಹೆಚ್ಚು ಮಾರ್ಕು ಅಂದರೆ "ಪರವಾಗಿಲ್ಲ."

ಒಂದು ಸಲ ಅಮ್ಮ ಪಾಪಮ್ಮನನ್ನು ಗೂಢಚಾರಿಣಿಯಾಗಿ ಕಳಿಸಿದಳು. ಆ ಮನೆಯವಳು ಯಾವ ಅಂಗಡಿಯ ಪುಡಿ ತರುತ್ತಾಳೆ ಅಂತ ತಿಳಿದುಕೊಂಡು ಬರುವುದಕ್ಕೆ. ಪಾಪಮ್ಮ ರಾಬರ್ಟ್‌ಸನ್ ಪೇಟೆಯ ಮಾರ್ಕೆಟ್ಟಿನಲ್ಲಿ ಕನಕಳ ಹಿಂದೆ ಹಿಂದೆ ಹೋಗಿ, ಸೊಪ್ಪು ಕೊಳ್ಳುವ ಹಾಗೆ ನಟಿಸಿ, ಅಂಗಡಿ ಪತ್ತೆ ಮಾಡಿಬಿಟ್ಟಳು. ಅದೇ ಅಂಗಡಿ, ಅದೇ ಪುಡಿ. ಮಾರನೆಯ ಬೆಳಿಗ್ಗೆ ಅಮ್ಮ ಅದರಲ್ಲೇ ಕಾಫಿ ಮಾಡಿ ಬಾಗಿಲಲ್ಲಿ ಹಿಡಿದು ನಿಂತಳು. ಅಪ್ಪ ಒಂದು ಗುಟುಕು ಕುಡಿದ. ಸ್ವಲ್ಪ ಯೋಚಿಸಿದ. ಗುರುತು ಸಿಕ್ಕಿತು ಅಂತ ಕಾಣುತ್ತದೆ.

"ಪುಡಿ ಒಂದೇ ಆಗ್ಬಿಟ್ರೆ ಆಯ್ತಾ?" ಅಂದು ಲೋಟ ಅವಳ ಕೈಗಿಟ್ಟು ಹೋದ.

ಅಮ್ಮ ಅಳಲಿಲ್ಲ. ಅವಳು ಅಳುವ ಪೈಕಿ ಅಲ್ಲ. ಬಚ್ಚಲಿಗೆ ಹೋಗಿ ಫಿಲ್ಟರನ್ನು ಹುಣಸೆಹಣ್ಣು ಹಾಕಿ ಉಜ್ಜಿದಳು, ಅದರ ತೂತೆಲ್ಲ ಕಿತ್ತು ಬರುವ ಹಾಗೆ.

ನಾನು ದೊಡ್ಡವಳಾದೆ. ಟೀಚರ್ ಆದೆ. ಮದುವೆ ಮಾತು ಬಂದಾಗ ಗಂಡು ಹೇಗಿರಬೇಕು ಅಂತ ಕೇಳಿದರು. "ಕಾಫಿ ಕುಡಿಯದವನಾಗಿರಬೇಕು" ಅಂದೆ. ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ, ಅಪ್ಪ ಪೇಪರ್ ಮಡಿಸಿಟ್ಟು ಹೊರಗೆ ಹೋದ. ದೇವರು ನನ್ನ ಮೊರೆಯನ್ನು ಅಕ್ಷರಶಃ ಕೇಳಿಸಿಕೊಂಡ. ಬಂಗಾರಪೇಟೆಯಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಗಂಡ ಟೀ ಬಿಟ್ಟರೆ ಬೇರೆ ಮುಟ್ಟುವುದಿಲ್ಲ. ಅದನ್ನು ಹೊತ್ತು ಗೊತ್ತಿಲ್ಲದೆ ಕುಡಿಯುತ್ತಾನೆ, ಅದು ಬೇರೆ ಕಷ್ಟ. ಆದರೆ ನನ್ನ ಎದುರೇ ಕೂತು ಕುಡಿಯುತ್ತಾನೆ.

ಅಪ್ಪ ಕೆಲಸ ಬಿಟ್ಟ. ರೈಲು ಹತ್ತುವುದು ನಿಂತಿತು, ರೈಲಿನ ಹೊತ್ತಿಗೆ ಮನೆ ಬಿಡುವುದು ನಿಲ್ಲಲಿಲ್ಲ. ಇಸ್ತ್ರಿ ಅಂಗಿ ತೊಟ್ಟು ಹೊರಟು, ರೈಲು ಹೋದ ಮೇಲೆ ಮನೆಗೆ ಬರುತ್ತಿದ್ದ. ಬಂದವನು ಮೂಲೆಯ ಕುರ್ಚಿಯಲ್ಲಿ ಕೂತರೆ ಮಧ್ಯಾಹ್ನ ಊಟಕ್ಕೇ ಏಳುವುದು. ಮಾತು ಮೊದಲೇ ಕಮ್ಮಿ. ಕರೆಂಟ್ ಬಿಲ್ ಕಟ್ಟಿದ್ದಾಯ್ತಾ, ಸಾರಿಗೆ ಉಪ್ಪು ಜಾಸ್ತಿ, ನಲ್ಲಿ ಸೋರ್ತೈತೆ. ನಾನು ಬಂದಾಗ ಇನ್ನೊಂದು ವಾಕ್ಯ ಸೇರುತ್ತಿತ್ತು: "ಯಾವಾಗ ಬಂದೆ?" ಅಪ್ಪ ಅಂದರೆ ಹೀಗೇ ಇರುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಗಣಿಯಲ್ಲಿ ದುಡಿದವರಿಗೆ ಮಾತು ಒಳಗೇ ಹೂತುಹೋಗುತ್ತದೆ ಅಂತ ಯಾರೋ ಹೇಳಿದ್ದನ್ನು ನಂಬಿದ್ದೆ ಕೂಡ.

ಒಂದು ದಿನ ಬಚ್ಚಲಲ್ಲಿ ಬಿದ್ದ. ಎಡಗಡೆ ಸ್ವಾಧೀನ ತಪ್ಪಿತು. ಹಾಸಿಗೆ ಹಿಡಿದ. ಉರಿಗಾಂ ದಾರಿ ಮುಚ್ಚಿತು. ಆಗ ನಮ್ಮಮ್ಮನ ಕಾಲ ಬಂತು ಅಂತ ಮಗಳಾಗಿ ನಾನು ಹೇಳಬಾರದು, ಆದರೂ ಅವಳ ಮನಸ್ಸಿನಲ್ಲಿ ಇದ್ದದ್ದು ಅದೇ. ಬೆಳಿಗ್ಗೆ ಅವನ ತಲೆ ಎತ್ತಿ ಎದೆಗಾನಿಸಿಕೊಂಡು ಕಾಫಿ ಕುಡಿಸುತ್ತಿದ್ದಳು. ನಾನು ಶಾಲೆಗೆ ಹೊರಡುವ ಹೊತ್ತಿಗೆ ಫೋನು ಬರುತ್ತಿತ್ತು.

"ಇವತ್ತು ಪೂರ್ತಿ ಕುಡುದ್ರು ಕಣೇ. ತಳದಾಗೆ ಒಂದು ತೊಟ್ಟು ಬಿಡ್ಲಿಲ್ಲ."

"ಹೇಗಿದೆ ಅಂತ ಕೇಳಿದೆಯಾ?"

"ಬ್ಯಾಡ ಬಿಡು. ಕುಡುದ್ರಲ್ಲ" ಅಂದಳು.

ಒಂದು ಬೇಸಿಗೆಯಲ್ಲಿ ಅಪ್ಪ ಹೋದ. ಹೆಣ ಎತ್ತುವ ಮೊದಲು ನಮ್ಮ ಲೈನಿನ ಕೊನೆಯಲ್ಲಿ, ನೀರಿನ ಟ್ಯಾಂಕಿನ ಪಕ್ಕದಲ್ಲಿ ತೆಳ್ಳಗಿನ ಹೆಂಗಸೊಬ್ಬಳು ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಹತ್ತಿರ ಬರಲಿಲ್ಲ. ಅವಳು ಯಾರು ಅಂತ ನನಗೆ ಹೇಳಬೇಕಾಗಿರಲಿಲ್ಲ. ಅಮ್ಮ ತಲೆ ಎತ್ತಿ ನೋಡಿದಳು, ನೋಡಿ ಮತ್ತೆ ಅಪ್ಪನ ಮುಖಕ್ಕೆ ಕೂತ ನೊಣ ಓಡಿಸತೊಡಗಿದಳು.

ತಿಥಿ ಕಳೆದ ಮೇಲೆ ಅಮ್ಮನನ್ನು ಬಂಗಾರಪೇಟೆಗೆ ಕರೆದುಕೊಂಡು ಬಂದೆವು. ಇಲ್ಲಿಯೂ ಬೆಳಗಾಗುವ ಮೊದಲೇ ಎದ್ದು ಡಿಕಾಕ್ಷನ್ ಇಳಿಸುತ್ತಿದ್ದಳು. ಕುಡಿಯುವವರು ಯಾರು? ನನ್ನ ಗಂಡ ತಲೆ ಕೆರೆದುಕೊಂಡು, "ಅತ್ತೆ, ನಂಗೆ ಟೀ ಆದ್ರೆ..." ಅನ್ನುತ್ತಿದ್ದ. ನನಗೆ ಮೊದಲೇ ಆಗದು. ಕೊನೆಗೆ ಎದುರು ಮನೆಯವರಿಗೆ, ಹಾಲಿನವನಿಗೆ, ಗ್ಯಾಸ್ ತಂದವನಿಗೆ ಕೊಟ್ಟು ಮುಗಿಸುತ್ತಿದ್ದಳು. ಅವರೆಲ್ಲ ಕುಡಿದು ಹೊಗಳಿದರೆ ಒಂದು ಥರ ಬೇಜಾರಿನಲ್ಲಿ ಕೇಳಿಸಿಕೊಳ್ಳುತ್ತಿದ್ದಳು, ತಪ್ಪು ವಿಳಾಸಕ್ಕೆ ಬಂದ ಸಾಮಾನಿನ ಹಾಗೆ.

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಮ್ಮ ಸೀರೆ ಉಟ್ಟು, ತಲೆ ಬಾಚಿ, ಕೈಚೀಲ ಹಿಡಿದು ಕೂತಿದ್ದಳು.

"ಉರಿಗಾಂಗೆ ಓಗ್ಬೇಕು. ರೈಲೈತೆ, ಏಳು."

"ಉರಿಗಾಂನಲ್ಲಿ ಏನಿದೆಯಮ್ಮ?"

"ಆ ಮನೆಗೆ."

ನನ್ನ ನಿದ್ದೆ ಹಾರಿಹೋಯಿತು. "ಜಗಳ ಆಡೋಕಾ? ಅಪ್ಪನೇ ಹೋದ ಮೇಲೆ?"

"ಜಗಳ ಯಾಕೆ?" ಅಮ್ಮ ನನ್ನನ್ನು ದಡ್ಡಿಯ ಹಾಗೆ ನೋಡಿದಳು. "ಆ ಕಾಪಿ ಒಂದ್ಸಾರಿ ಕುಡೀಬೇಕು ಕಣೇ. ಅದ್ರಾಗೆ ಏನೈತೆ ಅಂತ ನೋಡ್ಬೇಕು. ಸಾಯೋದ್ರೊಳ್ಗೆ ಗೊತ್ತಾಗ್ಬೇಕು ನಂಗೆ."

ಬೇಡ ಅಂದೆ. ಕಾಲು ನೋವು, ಬಿಸಿಲು, ಜನ ಏನಂದಾರು ಅಂದೆ. ಅಮ್ಮ ಚಪ್ಪಲಿ ಹಾಕಿಕೊಂಡಳು. ಮಾರಿಕುಪ್ಪಂ ರೈಲಿನಲ್ಲಿ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಕೈಚೀಲವನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದಳು. ಪರೀಕ್ಷೆ ಬರೆಯಲು ಹೊರಟ ಮಕ್ಕಳ ಮುಖ ನಾನು ವರ್ಷವೂ ನೋಡುತ್ತೇನಲ್ಲ, ಅದೇ ಮುಖ.

ನಂದಿದುರ್ಗದ ಲೈನಿನಲ್ಲಿ ಯಾರನ್ನೂ ದಾರಿ ಕೇಳಲಿಲ್ಲ. ನೇರ ನಡೆದು ಒಂದು ನೀಲಿ ಬಾಗಿಲ ಮುಂದೆ ನಿಂತಳು. ಅವಳಿಗೆ ಮನೆ ಗೊತ್ತಿತ್ತು ಅನ್ನುವುದು ನನಗೆ ಆಗಲೇ ಗೊತ್ತಾದದ್ದು. ಎಷ್ಟು ಸಲ ಅಲ್ಲಿವರೆಗೆ ಬಂದು ವಾಪಸು ಹೋಗಿದ್ದಳೋ, ನಾನು ಕೇಳಲಿಲ್ಲ.

ಕನಕ ಬಾಗಿಲು ತೆರೆದಳು. ಕೂದಲೆಲ್ಲ ಬೆಳ್ಳಗಾಗಿತ್ತು. ದಪ್ಪ ಕನ್ನಡಕ. ಅಮ್ಮನನ್ನು ನೋಡಿ ಕೈ ಬಾಗಿಲ ಮೇಲೇ ನಿಂತುಹೋಯಿತು. ಒಂದು ಗಳಿಗೆ ಹೊಡೆಯುತ್ತಾಳೆ ಅಂತಲೇ ಅಂದುಕೊಂಡಳೇನೋ, ಅರ್ಧ ಹೆಜ್ಜೆ ಹಿಂದೆ ಸರಿದಳು. ಆಮೇಲೆ ತಮಿಳು ಬೆರೆಸಿ, "ವಾಂಗಕ್ಕಾ... ಬನ್ನಿ, ಒಳಗೆ ಬನ್ನಿ" ಅಂದಳು.

ಅಮ್ಮ ಒಳಗೆ ಹೋಗಿ ಚಾಪೆಯ ಮೇಲೆ ಕೂತಳು. "ಒಂದು ಲೋಟ ಕಾಪಿ ಕೊಡ್ತೀಯಾ?" ಅಂದಳು. ಕುಶಲ ಇಲ್ಲ, ಪೀಠಿಕೆ ಇಲ್ಲ.

"ಅಯ್ಯೋ, ಅದಕ್ಕೇನಕ್ಕಾ!" ಕನಕಳಿಗೆ ಕೈಗೊಂದು ಕೆಲಸ ಸಿಕ್ಕಿದ್ದೇ ಸಾಕಾಯಿತು. ಅಡುಗೆಮನೆ ಅಂತ ಬೇರೆ ಏನಿಲ್ಲ, ಅದೇ ಕೋಣೆಯ ಮೂಲೆ. ಅಮ್ಮ ಕತ್ತು ಚಾಚಿ ನೋಡುತ್ತಿದ್ದಳು. ಕನಕ ಒಂದು ಪಾತ್ರೆಗೆ ಹಾಲು ನೀರು ಒಟ್ಟಿಗೇ ಸುರಿದಳು. ಪುಡಿ ಹಾಕಿದಳು. ಸಕ್ಕರೆ ಡಬ್ಬಿ ಬಗ್ಗಿಸಿದಳು. ಸ್ಟವ್ ದೊಡ್ಡದು ಮಾಡಿ ನಮ್ಮ ಕಡೆ ತಿರುಗಿ, ಮಗಳು ಏನು ಮಾಡ್ತಾಳೆ, ಮಕ್ಕಳೆಷ್ಟು ಅಂತ ಕೇಳತೊಡಗಿದಳು. ಹಿಂದೆ ಅದು ಉಕ್ಕಿ ಸ್ಟವ್ ಮೇಲೆಲ್ಲ ಹರಿಯಿತು. ಇಳಿಸಿದಳು, ಮತ್ತೆ ಇಟ್ಟಳು, ಇನ್ನೊಮ್ಮೆ ಕುದಿಸಿದಳು.

"ಮೊದ್ಲೂ ಇಂಗೇ ಮಾಡ್ತಿದ್ದಾ?" ಅಮ್ಮ ಕೇಳಿದಳು. "ಫಿಲ್ಟರ್ ಇರ್ಲಿಲ್ವಾ?"

"ನಮ್ಮನೇಲಿ ಫಿಲ್ಟರ್ ಎಲ್ಲೈತಕ್ಕಾ? ಆವಾಗಿಂದ್ಲೂ ಇಂಗೇ. ಕುದಿಸೋದು, ಬಟ್ಟೇಲಿ ಸೋಸೋದು. ನಂಗೆ ಕಾಪಿ ಮಾಡಾಕೇ ಬರಲ್ಲ. ನಮ್ಮೋರು ಇದ್ದಾಗ ಅವ್ರೇ ಮಾಡ್ಕೊಳ್ಳೋರು."

ಗಾಜಿನ ಲೋಟದಲ್ಲಿ ತಂದಿಟ್ಟಳು. ಹಳೇ ವ್ಯಾಜ್ಯದ ದಾಖಲೆ ಅಲ್ಲವೇ, ನಾನೂ ಒಂದು ಗುಟುಕು ಕುಡಿದೆ. ಸೀದ ಹಾಲಿನ ವಾಸನೆ. ತುಟಿಗೆ ಅಂಟುವ ಕೆನೆ. ಪುಡಿ ಹಲ್ಲಿಗೆ ಸಿಗುತ್ತಿತ್ತು. ಗಂಟಲು ಕಟ್ಟುವಷ್ಟು ಸಕ್ಕರೆ, ಅದನ್ನೂ ಮೀರಿ ಕಹಿ. ಚಿಕ್ಕಂದಿನಲ್ಲಿ ಅಮ್ಮ ಬಚ್ಚಲಿಗೆ ಚೆಲ್ಲಿದ ಎಷ್ಟೋ ಪ್ರಯೋಗಗಳು ಇದಕ್ಕಿಂತ ಚೆನ್ನಾಗಿದ್ದವು.

ಅಮ್ಮ ಬಿಡದೆ ಪೂರ್ತಿ ಕುಡಿದಳು. ಲೋಟ ಕೆಳಗಿಟ್ಟಳು.

"ಅವ್ರು ಇದೇ ಕುಡೀತಿದ್ರಾ?"

"ಇದೇ ಅಕ್ಕಾ."

"ಚೆನ್ನಾಗೈತೆ ಅಂತಿದ್ರಾ?"

ಕನಕ ನೆನಪು ಮಾಡಿಕೊಳ್ಳಲು ನೋಡಿದಳು. "ಕಾಪಿ ವಿಷ್ಯ ಮಾತೇ ಬತ್ತಿರ್ಲಿಲ್ಲಕ್ಕಾ. ಎಷ್ಟೋ ದಿನ ಆರಿ ತಣ್ಣಗಾಗೋಗೋದು. ಕುಡೀದೇನೇ ಎದ್ದೋಗೋರು."

"ಮತ್ತೇನು ಮಾಡ್ತಿದ್ರು ಅಷ್ಟೊತ್ತು?"

"ಏನೈತೆ, ಮಾತಾಡ್ತಾ ಕೂತ್ಕೊಳ್ಳೋರು. ಗಣೀಲಿ ಇವ್ರೂ ನಮ್ಮೋರೂ ಮಾಡಿದ ಚೇಷ್ಟೆ, ಸಾಹೇಬ್ರು ನಡೆಯೋ ಥರ ನಡೆದು ತೋರ್ಸೋದು, ರೈಲಲ್ಲಿ ಯಾರೋ ಗೊರಕೆ ಹೊಡೆದದ್ದು..." ಹೇಳುತ್ತಾ ಹೇಳುತ್ತಾ ಕನಕಳ ಮುಖ ಹಗುರಾಯಿತು. ಎದುರಿಗೆ ಕೂತಿರುವವಳು ಯಾರು ಅನ್ನುವುದು ಅವಳಿಗೆ ಮರೆತೇ ಹೋಯಿತೇನೋ. "ನಕ್ಕೂ ನಕ್ಕೂ ಕಣ್ಣಾಗೆ ನೀರು ಬಂದ್ಬಿಡ್ತಿತ್ತು ಅವ್ರಿಗೆ. ರೈಲು ಓಗ್ಬಿಡ್ತೈತೆ ಏಳಿ ಅಂತ ನಾನೇ ಓಡಿಸ್ಬೇಕಾಗಿತ್ತು."

"ನಗ್ತಿದ್ರಾ?" ಅಮ್ಮ ಕೇಳಿದಳು.

"ನಿಮ್ಗೆ ಗೊತ್ತಿಲ್ವಾಕ್ಕಾ? ಅವ್ರು ನಕ್ರೆ ಹಿಂದಿನ ಲೈನಿಗೆ ಕೇಳಿಸ್ತಿತ್ತು."

ಹೇಳಿಬಿಟ್ಟ ಮೇಲೆ ಕನಕ ಬಾಯಿ ಮುಚ್ಚಿಕೊಂಡಳು. ತಾನು ಏನು ಹೇಳಿದೆ ಅನ್ನುವುದು ಅವಳಿಗೆ ಆಗ ಹೊಳೆದಿರಬೇಕು. ನಾನು ಅಪ್ಪನ ನಗು ನೆನಪಿಸಿಕೊಳ್ಳಲು ಪ್ರಯತ್ನ ಮಾಡಿದೆ. ಮುಗುಳುನಗೆ ಒಂದೆರಡು ಸಿಕ್ಕಿತು, ನನ್ನ ಮದುವೆಯ ಫೋಟೋದಲ್ಲಿ ಇರುವಂಥದ್ದು. ಸದ್ದು ಇರುವ ನಗು ಒಂದೂ ಸಿಗಲಿಲ್ಲ. ಅವರಿಬ್ಬರ ನಡುವೆ ಬೇರೆ ಏನಿತ್ತು, ಏನಿರಲಿಲ್ಲ, ನಾನು ಕೇಳಲಿಲ್ಲ, ಅಮ್ಮನೂ ಕೇಳಲಿಲ್ಲ. ಹಾಸಿಗೆಯ ವಿಷಯವಾಗಿದ್ದರೆ ಸಿಟ್ಟು ಮಾಡಬಹುದಿತ್ತು. ನಗುವಿನ ಮೇಲೆ ಹೇಗೆ ಸಿಟ್ಟು ಮಾಡುವುದು?

"ಬತ್ತೀನಿ" ಅಂತ ಅಮ್ಮ ಎದ್ದಳು. ಕನಕ ಎಲೆ ಅಡಿಕೆ ಹಾಕಿದ ತಟ್ಟೆ ಹಿಡಿದು ಬಂದವಳು, ಕುಂಕುಮದ ಬಟ್ಟಲ ಕಡೆ ಕೈ ಹೋದದ್ದನ್ನು ತಡೆದುಕೊಂಡಳು. ಇಬ್ಬರ ಹಣೆಯೂ ಬೋಳು. ಇಬ್ಬರೂ ಬೇರೆ ಕಡೆ ನೋಡಿದರು.

ಉರಿಗಾಂ ಪ್ಲಾಟ್‌ಫಾರ್ಮಿನಲ್ಲಿ ನಾವಿಬ್ಬರೇ ಇದ್ದೆವು. ಕಲ್ಲಿನ ಬೆಂಚು ಕಾದು ಸುಡುತ್ತಿತ್ತು. ಎದುರಿಗೆ, ಗಣಿಯವರು ಚಿನ್ನ ತೆಗೆದುಕೊಂಡು ಸುರಿದ ಸೈನೈಡ್ ಮಣ್ಣಿನ ಗುಡ್ಡ ಬಿಸಿಲಿಗೆ ಬೆಳ್ಳಗೆ ಕಣ್ಣು ಕುಕ್ಕುತ್ತಿತ್ತು. ರೈಲು ತಡ. ನಾನು ಏನಾದರೂ ಸಮಾಧಾನ ಹೇಳಬೇಕು ಅಂತ, "ನೋಡಿದೆಯಾ ಅಮ್ಮ? ನಿನ್ನ ಕಾಫಿಯ ಕಾಲು ಭಾಗಕ್ಕೂ ಬರಲ್ಲ" ಅಂದೆ. ಅಂದ ಕೂಡಲೇ ನನ್ನ ದಡ್ಡತನ ನನಗೇ ಗೊತ್ತಾಯಿತು. ಆಡಿದ ಮಾತು ವಾಪಸು ಬರುವುದಿಲ್ಲ.

ಅಮ್ಮ ಹಳಿ ನೋಡುತ್ತಾ ಕೂತಿದ್ದಳು. ನನ್ನ ಕಡೆ ತಿರುಗದೆ ಹೇಳಿದಳು:

"ಕಾಪಿ ಅಂತ್ಲೇ ನಂಬಿದ್ದೆ ಕಣೇ ನಾನು. ಕಾಪಿ ಆಗಿದ್ರೆ ಗೆದ್ದಿದ್ದೆ."

ರೈಲು ಬಂತು. ಹತ್ತಿಸಿ ಕೂರಿಸಿದೆ. ಬಂಗಾರಪೇಟೆ ಬರುವವರೆಗೂ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಇರಲಿಲ್ಲ. ರೆಪ್ಪೆ ಅಲ್ಲಾಡುತ್ತಿತ್ತು.

ಮಾರನೆಯ ದಿನ ನಾನು ಎದ್ದಾಗ ಬೆಳಕಾಗಿತ್ತು. ಸ್ಟವ್ ಹಚ್ಚಿರಲಿಲ್ಲ. ಮನೆಯಲ್ಲಿ ಘಮ ಇಲ್ಲದ ಬೆಳಿಗ್ಗೆ ಎಷ್ಟು ಖಾಲಿ ಇರುತ್ತದೆ ಅನ್ನುವುದು ಕಾಫಿ ಆಗದ ನನಗೂ ತಿಳಿಯಿತು. ಅವಳ ಕೋಣೆಗೆ ಓಡಿದೆ. ಅಮ್ಮ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು, ಮುಖ ತೊಳೆದಾಗಿತ್ತು.

"ಮೈ ಹುಷಾರಿಲ್ವಾ? ಕಾಫಿ ನಾನು ಮಾಡ್ಲಾ? ಹೇಗೋ ಮಾಡ್ತೀನಿ."

"ಬ್ಯಾಡ" ಅಂದಳು. "ನಂಗೆ ಅದು ಯಾವತ್ತೂ ಸೇರ್ತಿರ್ಲಿಲ್ಲ. ಬಾಯೆಲ್ಲ ಕಹಿ ಆಗ್ತೈತೆ."

ನಾನು ಅವಳ ಪಕ್ಕ ಕೂತೆ. ಶಾಲೆಯಲ್ಲಿ ಮಕ್ಕಳನ್ನು ಕೇಳುವ ಹಾಗೆ ಕೇಳಿದೆ: "ಮತ್ತೆ ಬೆಳಿಗ್ಗೆ ನಿಂಗೆ ಏನು ಬೇಕಮ್ಮ? ನಿಂಗೆ ಏನು ಇಷ್ಟ, ಅದು ಹೇಳು. ಮಾಡಿಕೊಡ್ತೀನಿ."

ಅಮ್ಮ ನನ್ನ ಮುಖ ನೋಡಿದಳು. ಪ್ರಶ್ನೆ ಅರ್ಥವಾಗದವರ ಹಾಗೆ ನೋಡಿದಳು. ಆಮೇಲೆ ಕಿಟಕಿಯ ಕಡೆ ತಿರುಗಿದಳು. ಯೋಚಿಸಿದಳು. ತುಟಿ ಒಂದೆರಡು ಸಲ ಅಲ್ಲಾಡಿತು, ಯಾವುದೋ ಹೆಸರು ಬಂದು ಹೋದ ಹಾಗೆ.

"ತಡಿ, ನೋಡಾನ" ಅಂದಳು.

ಒಂದು ಮಳೆಗಾಲ ಕಳೆದಿದೆ. ನಾನು ಬೆಳಿಗ್ಗೆ ಎದ್ದಾಗಲೆಲ್ಲ ಕೇಳುತ್ತೇನೆ. ಅಮ್ಮ ಇನ್ನೂ ಯೋಚಿಸುತ್ತಿದ್ದಾಳೆ.